ಕೂಗಿದ್ದು ಕೇಳದವರ ಸರದಿ ಯಾವಾಗ?

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತವನಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಗ ಯಾವುದು ಹೇಳಿ? ಹೊಟ್ಟೆನೋವಿನವನಿಗೆ ಹೊಟ್ಟೆಯಲ್ಲ, ಮೊಣಕಾಲು ಹಿಡಿದವನಿಗೆ ಮೊಣಕಾಲಲ್ಲ. ಎಲ್ಲರಿಗೂ ಕಿವಿ! ಒಳಗಿನಿಂದ ಯಾರೋ ಬಂದು ಬಾಗಿಲಲ್ಲಿ ನಿಂತು ಒಂದು ಸಲ ಹೆಸರು ಕೂಗುತ್ತಾರೆ. ಮನಸ್ಸು ಚೆನ್ನಾಗಿದ್ದರೆ ಎರಡು ಸಲ. ಕೇಳಿಸಿಕೊಂಡವನು ಒಳಗೆ ಹೋಗುತ್ತಾನೆ. ಕೇಳಿಸದವನು ಅಲ್ಲೇ ಕೂತಿರುತ್ತಾನೆ. ಅವನ ನಂತರ ಬಂದವನು ಹೋದ, ಅದರ ನಂತರದವಳೂ ಹೋದಳು, ಊಟದ ಹೊತ್ತಾಯಿತು, ಬಾಗಿಲು ಮುಚ್ಚಿತು. ಆಗ ಎದ್ದು ಹೋಗಿ ಚೀಟಿ ತೋರಿಸಿದರೆ ಸಿಗುವ ಮಾತು ಯಾವ ಊರಿನ ಆಸ್ಪತ್ರೆಯಲ್ಲೂ ಒಂದೇ: 'ಕರೆದಾಗ ಎಲ್ಲಿಗೆ ಹೋಗಿದ್ರಿ?' ಆ ಪ್ರಶ್ನೆಯೂ ಅವನಿಗೆ ಕೇಳಿಸಿರುವುದಿಲ್ಲ.

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಭದ್ರಾವತಿಯ ರಂಗಪ್ಪ ಸರ್ಕಲ್ಲಿನಲ್ಲಿ ಬೆರಳು ಕುಣಿಸುತ್ತಾ, ಮುಖದಲ್ಲೇ ನಗುತ್ತಾ ಜಗಳವಾಡುತ್ತಾ ಮಾತಾಡಿಕೊಳ್ಳುವ ಹುಡುಗರನ್ನು ನೀವೂ ನೋಡಿರುತ್ತೀರಿ. ಚೂಟಿ ಹುಡುಗರು. ಗ್ಯಾರೇಜಿನಲ್ಲಿ, ಟೈಲರ್ ಅಂಗಡಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವವರು. ಅಂಗಡಿಯಲ್ಲಿ ಸಾಮಾನು ಬೇಕೆಂದರೆ ಬೆರಳು ತೋರಿಸಿ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಕಡಿಮೆಯಾದರೆ ಬಿಡುವುದಿಲ್ಲ. ಅವರ ವ್ಯವಹಾರ ಎಲ್ಲೂ ನಿಲ್ಲುವುದಿಲ್ಲ, ಒಂದು ಕಡೆ ಬಿಟ್ಟು. ಮೈ ಹುಷಾರು ತಪ್ಪಿ ಆಸ್ಪತ್ರೆಗೆ ಹೋದ ದಿನ ಅವರು ಎರಡು ವರ್ಷದ ಮಗುವಿನಂತೆ ಆಗಿಬಿಡುತ್ತಾರೆ. ಬೆರಳು ತೋರಿಸಿ ಕೊಳ್ಳುವುದಕ್ಕೆ ಔಷಧಿಯೇನು ಬಾಳೆಹಣ್ಣೇ?

ಅಂಗವಿಕಲರ ವಿಷಯ ನಮ್ಮಲ್ಲಿ ಡಿಸೆಂಬರ್ 3ರ ಸಭೆಯ ವಿಷಯ. ಹಾರ, ಶಾಲು, ಮೂರು ಚಕ್ರದ ಸ್ಕೂಟರಿನ ಕೀಲಿ ಕೊಡುವ ಫೋಟೋ, ಮಾರನೆಯ ದಿನ ಪೇಪರಿನಲ್ಲಿ ಒಂದು ಸುದ್ದಿ. ಅಷ್ಟಕ್ಕೇ ಮುಗಿಯಿತು. ಹೆಸರಿಗಂತೂ ಬರವಿಲ್ಲ. ಒಂದು ಕಾಲಕ್ಕೆ ಕುಂಟ, ಕುರುಡ, ಕಿವುಡ ಎಂದು ನೇರವಾಗಿ ಕರೆಯುತ್ತಿದ್ದರು. ಆಮೇಲೆ ಅಂಗವಿಕಲ ಆಯಿತು, ವಿಕಲಚೇತನ ಆಯಿತು, ವಿಶೇಷಚೇತನ ಆಯಿತು, 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ದಿವ್ಯಾಂಗ ಎಂದರು. ಗೌರವದ ಮಾತು ಬೇಕು, ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ಸಲ ಹೆಸರು ಬದಲಾಯಿಸುವ ಹೊತ್ತಿನಲ್ಲಿ ಒಂದು ಸಲ ಮೆಟ್ಟಿಲು ಬದಲಾಯಿಸಬಹುದಿತ್ತು.

ಇವರೇನು ಬೆರಳೆಣಿಕೆಯ ಜನವಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13.24 ಲಕ್ಷ, ದೇಶದಲ್ಲಿ 2.68 ಕೋಟಿ. ಆ ವರ್ಷ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿಯದು 1.51 ಲಕ್ಷ. ಈ ಎರಡೂ ಊರು ಕೂಡಿಸಿದರೂ ರಾಜ್ಯದ ಅಂಗವಿಕಲರ ಅರ್ಧದಷ್ಟೂ ಆಗುವುದಿಲ್ಲ ಎಂದರೆ ಲೆಕ್ಕ ಹಾಕಿಕೊಳ್ಳಿ. ಅದೂ ಗಣತಿಯವರು ಬಂದಾಗ ಬಾಯಿಬಿಟ್ಟು ಹೇಳಿದವರ ಲೆಕ್ಕ. ಮದುವೆಗಿರುವ ಮಗಳಿಗೆ ಒಂದು ಕಿವಿ ಮಂದ ಎಂದು ಯಾವ ತಂದೆ ಬರೆಸುತ್ತಾನೆ?

ಇಲ್ಲಿ ಭದ್ರಾವತಿಯ ಮಾತು ಬೇರೆಯಾಗಿಯೇ ಹೇಳಬೇಕು. ಹುಟ್ಟು ಕಿವುಡರ ವಿಷಯವೊಂದಾದರೆ, ದುಡಿದು ಕಿವುಡರಾದವರ ವಿಷಯ ಇನ್ನೊಂದು. 1923ರಲ್ಲಿ ಕುಲುಮೆ ಹೊತ್ತಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡೂ ಆ ಊರಿಗೆ ಅನ್ನ ಹಾಕಿದವು. ಯಾರೂ ಮರೆಯುವಂತಿಲ್ಲ. ಆದರೆ ಬಡಿಯುವ, ಉರುಳಿಸುವ, ಕತ್ತರಿಸುವ ಯಂತ್ರಗಳ ನಡುವೆ ಮೂವತ್ತು ವರ್ಷ ಪಾಳಿ ಮಾಡಿದವನ ಕಿವಿ ಏನಾಗುತ್ತದೆ? ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್‌ಗಿಂತ ಜಾಸ್ತಿ ಸದ್ದು ಬೀಳಬಾರದು ಎಂದು ಕಾರ್ಖಾನೆಗಳ ನಿಯಮ ಹೇಳುತ್ತದೆ. ಸದ್ದಿನಿಂದ ಬರುವ ಕಿವುಡು ಫ್ಯಾಕ್ಟರೀಸ್ ಆಕ್ಟಿನ ಮೂರನೇ ಷೆಡ್ಯೂಲಿನಲ್ಲೇ ಕಾಯಿಲೆ ಎಂದು ದಾಖಲಾಗಿತ್ತು. ಕಾಯಿಲೆಗಳ ಪಟ್ಟಿಯಲ್ಲಿ ಇದ್ದರೂ ಮನೆಯಲ್ಲಿ ಇದನ್ನು ಕಾಯಿಲೆ ಅನ್ನುವುದಿಲ್ಲ, 'ಅಪ್ಪನಿಗೆ ವಯಸ್ಸಾಯ್ತು' ಅನ್ನುತ್ತಾರೆ.

ಈ ಕಿವುಡಿನ ಗುಣ ವಿಚಿತ್ರ. ಒಳಗಿವಿಯಲ್ಲಿರುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಸದ್ದಿಗೆ ಸವೆದು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರ. ಅಂದರೆ ಸ, ಶ, ತ, ಕ ಇಂಥ ಅಕ್ಷರಗಳು. ಮಾತಾಡುವುದು ಕೇಳುತ್ತದೆ, ಏನು ಮಾತಾಡಿದರು ತಿಳಿಯುವುದಿಲ್ಲ. ಅದಕ್ಕೇ ಯಜಮಾನರು ಡಾಕ್ಟರ್ ಮುಂದೆ ಕೂತು ಎಲ್ಲಕ್ಕೂ ತಲೆ ಆಡಿಸುತ್ತಾರೆ. ಮರ್ಯಾದಸ್ಥರು ನೋಡಿ, 'ಏನಂದ್ರಿ?' ಎಂದು ಮೂರು ಸಲ ಕೇಳುವುದಕ್ಕೆ ಸಂಕೋಚ. ಹೊರಗೆ ಬಂದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೂರು ದಿನವೋ ಆರು ದಿನವೋ, ಊಟಕ್ಕೆ ಮುಂಚೆಯೋ ಆಮೇಲೆಯೋ ದೇವರೇ ಬಲ್ಲ. ತಲೆ ಆಡಿಸಿದವನಿಗೆ ಅರ್ಥವಾಗಿದೆ ಎಂದು ಡಾಕ್ಟರ್ ತಿಳಿಯುತ್ತಾರೆ. ಅವರ ತಪ್ಪೂ ಅಲ್ಲ, ಹೊರಗೆ ಇನ್ನೂ ಅರವತ್ತು ಜನ ಕಾದಿದ್ದಾರೆ.

ಕಾರ್ಖಾನೆ ಜೋರಾಗಿದ್ದ ಕಾಲದಲ್ಲಿ ಕಾರ್ಖಾನೆಯ ಸಂಸಾರಕ್ಕೆ ಕಾರ್ಖಾನೆಯದೇ ಆಸ್ಪತ್ರೆ ಇತ್ತು. ಡಾಕ್ಟರಿಗೂ ಗೊತ್ತು, ನರ್ಸಿಗೂ ಗೊತ್ತು, ಇವರು ಇಂಥ ಷಾಪಿನ ಇಂಥವರು, ಕಿವಿ ಮಂದ, ಹತ್ತಿರ ಹೋಗಿ ಹೇಳಬೇಕು ಎಂದು. ಎಂಪಿಎಂನ ಯಂತ್ರಗಳು ಸುಮಾರು ಹತ್ತು ವರ್ಷದ ಹಿಂದೆ ನಿಂತುಹೋದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆ ಎಂದು 2023ರ ಜನವರಿಯಲ್ಲಿ ಸೈಲ್‌ನವರು ತೀರ್ಮಾನ ಮಾಡಿದಾಗ ಊರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಕಾರ್ಖಾನೆಗಳ ಕಥೆ ಹೀಗಾದ ಮೇಲೆ ಜನ್ನಾಪುರದ, ಪೇಪರ್‌ಟೌನಿನ, ಹೊಸಮನೆಯ ನಿವೃತ್ತರೆಲ್ಲ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ, ಇಲ್ಲವೇ ನರ್ಸಿಂಗ್ ಹೋಮಿನ ಸಾಲಿನಲ್ಲಿ ನಿಲ್ಲಬೇಕು. ಗುರುತಿನ ಮುಖವಿಲ್ಲ. ಹೆಸರು ಕೂಗುತ್ತಾರೆ, ಅಷ್ಟೇ.

ಈಗ ಇನ್ನೊಂದು ಬಗೆಯ ಕಷ್ಟ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಿವುಡರು ಆಸ್ಪತ್ರೆಗೆ ಬಂದರೆ ಮೊದಲು ಕೇಳುವ ಮಾತು, 'ಜೊತೆಗೆ ಯಾರು ಬಂದಿದ್ದೀರಿ?' ಅಲ್ಲಿಂದ ಮುಂದೆ ಕಾಯಿಲೆ ಯಾರದೋ, ಮಾತು ಯಾರದೋ. ಡಾಕ್ಟರ್ ಅಣ್ಣನ ಮುಖ ನೋಡಿ ಕೇಳುತ್ತಾರೆ, ಅಣ್ಣ ತನಗೆ ತಿಳಿದಷ್ಟು ಹೇಳುತ್ತಾನೆ. ಕಾಯಿಲೆಯವನು ಮಧ್ಯೆ ಕೂತು ಇಬ್ಬರ ತುಟಿಯನ್ನೂ ನೋಡುತ್ತಿರುತ್ತಾನೆ, ಟೆನಿಸ್ ಆಟ ನೋಡಿದ ಹಾಗೆ. ಹತ್ತು ನಿಮಿಷ ಮಾತಾಡಿ ಹೊರಗೆ ಬಂದ ಮೇಲೆ ಅಣ್ಣ ಅವನಿಗೆ ಮಾಡುವ ಸಂಜ್ಞೆ ಒಂದೇ: ಏನೂ ಇಲ್ಲ, ಮಾತ್ರೆ ನುಂಗು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಕಿವುಡ ಸೊಸೆಯೊಬ್ಬಳನ್ನು ಅತ್ತೆ ಕರೆತಂದಳು ಎಂದಿಟ್ಟುಕೊಳ್ಳಿ. ಮುಟ್ಟಿನ ತೊಂದರೆಯೋ, ಬಸುರಿನ ವಿಷಯವೋ, ಮನೆಯಲ್ಲಿ ಹೊಡೆತ ಬಿದ್ದ ಗಾಯವೋ, ಎಲ್ಲಕ್ಕೂ ಅತ್ತೆಯದೇ ಬಾಯಿ. ಹೊಡೆದವರ ಕಡೆಯವರೇ ಹೊಡೆತದ ಕಥೆ ಹೇಳಬೇಕಾದರೆ 'ಬಚ್ಚಲಲ್ಲಿ ಜಾರಿಬಿದ್ದಳು' ಎನ್ನದೆ ಇನ್ನೇನು ಹೇಳಿಯಾರು? ಇನ್ನು ಆಪರೇಷನ್ನಿನ ಕಾಗದ. ಯಾವ ಆಪರೇಷನ್, ಯಾಕೆ, ಮುಂದೆ ಮಕ್ಕಳಾಗುತ್ತವೆಯೋ ಇಲ್ಲವೋ, ಇದು ಅವಳಿಗೆ ತಿಳಿಯಿತೇ? ಹೆಬ್ಬೆಟ್ಟು ಒತ್ತಿಸಿದರೆ ಒಪ್ಪಿಗೆಯಾಗುತ್ತದೆಯೇ? ಕಾನೂನು ಆಗುವುದಿಲ್ಲ ಅನ್ನುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ನಿನಂತೆ, ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಅವರಿಗೆ ತಿಳಿಸಿ, ಅವರೇ ಮನಸಾರೆ ಒಪ್ಪದೆ ಮಾಡುವಂತಿಲ್ಲ. ಅವರು ಅಂದರೆ ಅವರು. ಅತ್ತೆಯಲ್ಲ, ಗಂಡನೂ ಅಲ್ಲ.

'ಬರೆದು ತೋರಿಸಿದರೆ ಆಯ್ತಲ್ಲ ಮಾರಾಯ್ರೆ' ಎಂದು ಓದುಗರು ಕೇಳಬಹುದು. ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ನಾವು ಕನ್ನಡ ಕಲಿತದ್ದು ಕಿವಿಯಿಂದ. ಐದು ವರ್ಷ ಕೇಳಿ ಕೇಳಿ ತಲೆ ತುಂಬಿದ ಮೇಲೆ ಅಕ್ಷರ ತಿದ್ದಿದ್ದು. ಹುಟ್ಟಿನಿಂದ ಕೇಳದವನಿಗೆ ಬರಹದ ಕನ್ನಡ ಪರಭಾಷೆಯ ಹಾಗೆ, ಹೆಣಗಾಡಿ ಕಲಿಯಬೇಕು. ಅವನ ಮಾತೃಭಾಷೆ ಕೈಯಲ್ಲಿದೆ. ಅದು ಬರೀ ಅಭಿನಯವಲ್ಲ, ವ್ಯಾಕರಣ ಇರುವ ಭಾಷೆ. ಇದಕ್ಕಾಗಿಯೇ ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆ ತೆರೆಯಿತು. ಅವರು 2018ರಲ್ಲಿ ಮೂರು ಸಾವಿರ ಪದಗಳಿಂದ ಶುರುಮಾಡಿದ ಸಂಜ್ಞೆ ನಿಘಂಟು 2021ಕ್ಕೆ ಹತ್ತು ಸಾವಿರ ಪದ ಮುಟ್ಟಿತು. ವೈದ್ಯಕೀಯದ ಪದಗಳೂ ಅದರಲ್ಲಿವೆ. ಬರೆದು ತೋರಿಸುವ ಡಾಕ್ಟರುಗಳ ಅಕ್ಷರದ ಬಗ್ಗೆ ನಾವು ಏನೂ ಹೇಳುವುದಿಲ್ಲ. ಮೆಡಿಕಲ್ ಶಾಪಿನವರು ಇದ್ದಾರೆ, ಅವರನ್ನೇ ಕೇಳಿ.

ಕೊರೊನಾ ಬಂದ 2020ರಲ್ಲಿ ಇವರಿಗಾದ ಪಾಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರ ಬಾಯಿಗೂ ಮಾಸ್ಕು. ತುಟಿ ನೋಡಿ ಅರ್ಧ ಮಾತಾದರೂ ಹಿಡಿಯುತ್ತಿದ್ದವರಿಗೆ ಅದೂ ಹೋಯಿತು. ಜೊತೆಗೆ ಯಾರೂ ಒಳಗೆ ಬರುವಂತಿಲ್ಲ ಎಂಬ ಕಟ್ಟಪ್ಪಣೆ ಬೇರೆ. ನಮ್ಮ ಜಿಲ್ಲೆಗೆ ಇನ್ನೊಂದು ಪಿಡುಗಿದೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಂಡ ಮಂಗನ ಕಾಯಿಲೆ. ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ ಎಂದು ಆಟೋಗೆ ಮೈಕು ಕಟ್ಟಿ ಊರೂರಲ್ಲಿ ಸಾರುತ್ತಾರೆ. ಮೈಕು ಕೇಳದವನಿಗೆ ಉಣುಗು ಕಚ್ಚುವುದಿಲ್ಲ ಎಂದೇನಾದರೂ ಇದೆಯೇ? 108ರ ಕಥೆಯೂ ಅಷ್ಟೇ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ ಆ ಆಂಬ್ಯುಲೆನ್ಸಿನಿಂದ ಎಷ್ಟೋ ಜೀವ ಉಳಿದಿವೆ, ನಿಜ. ಆದರೆ ಅದನ್ನು ಕರೆಯಲು ಬಾಯಿ ಬೇಕು, ಅವರು ಕೇಳುವ ಪ್ರಶ್ನೆಗೆ ಕಿವಿ ಬೇಕು. ಗಂಡ ಹೆಂಡತಿ ಇಬ್ಬರೂ ಕಿವುಡರಾದ ಮನೆಯಲ್ಲಿ ನಡುರಾತ್ರಿ ಎದೆನೋವು ಬಂದರೆ ಪಕ್ಕದ ಮನೆಯ ಬಾಗಿಲು ಬಡಿಯುವುದೇ ಗತಿ.

ಕಾಲಿಲ್ಲದವರ, ಕಣ್ಣಿಲ್ಲದವರ ಕಡೆ ಬರೋಣ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದಿನಾ ಓಡಾಡುವ ನಿಮಗೆ ಅದು ಒಂದು ನಿದ್ದೆಯ ದೂರ. ಊರುಗೋಲು ಹಿಡಿದವನಿಗೆ ಅದು ಮೊದಲನೇ ಮೆಟ್ಟಿಲಿನ ದೂರ. ನಮ್ಮ ಬಸ್ಸುಗಳ ಆ ಮೊದಲನೇ ಮೆಟ್ಟಿಲು ಮೊಣಕಾಲಿನ ಎತ್ತರದಲ್ಲಿರುತ್ತದೆ. ಕಂಡಕ್ಟರ್ ರೈಟ್ ಅಂದ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಹತ್ತಿದ ಮೇಲೆ ಅಂಗವಿಕಲರ ಸೀಟಿನಲ್ಲಿ ಕೂತ ಗಟ್ಟಿಮುಟ್ಟಾದ ಮಹಾಶಯರು ಕಿಟಕಿಯ ಹೊರಗೆ ತುಂಗಾನಾಲೆ ನೋಡುತ್ತಿರುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸು ಇದೆ. ಜೊತೆಗೆ ಬಂದವನು ಗಂಡಸಾದರೆ ಪೂರ್ತಿ ಟಿಕೆಟ್. ಹೆಂಗಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಅದೂ ಸರ್ಕಾರಿ ಬಸ್ಸು ಸಿಕ್ಕರೆ. ಖಾಸಗಿ ಬಸ್ಸೇ ಗತಿಯಾದ ಹಳ್ಳಿಯವರಿಗೆ ಇದಾವುದೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸಾಗರ ರಸ್ತೆಯ ಮೆಗ್ಗಾನ್‌ಗೆ ಹೋಗಲು ಆಟೋ. ಒಬ್ಬನ ಜ್ವರಕ್ಕೆ ಇಬ್ಬರ ಕೂಲಿ ಹೋಯಿತು, ಇಬ್ಬರ ಊಟ ಹೊರಗಾಯಿತು. ಔಷಧಿ ಪುಕ್ಕಟೆ ಸಿಕ್ಕಿದರೂ ಸಂಜೆ ಲೆಕ್ಕ ಹಾಕಿದರೆ ಸಾಲವೇ. ಹೀಗಾಗಿ ಏನು ಮಾಡುತ್ತಾರೆ? ಮುಂದಿನ ಸಲ ಬರುವುದಿಲ್ಲ. ಹುಣ್ಣು ದೊಡ್ಡದಾಗುವವರೆಗೆ, ಬಿ.ಪಿ. ತಲೆಗೇರುವವರೆಗೆ ಮನೆಯಲ್ಲೇ ಇರುತ್ತಾರೆ.

ಆಸ್ಪತ್ರೆ ಮುಟ್ಟಿದ ಮೇಲೆ ಇಳಿಜಾರು ದಾರಿ ಇದ್ದರೆ ಸಾಲದು, ಅದು ಏರುವಂತಿರಬೇಕು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ, ಇದು ಇಂಜಿನಿಯರುಗಳ ಲೆಕ್ಕ. ಎಷ್ಟೋ ಕಟ್ಟಡದಲ್ಲಿ ಇಳಿಜಾರು ನೋಡಿದರೆ ಅದು ಗಾಲಿಕುರ್ಚಿಗೋ ಬೈಕ್ ಹತ್ತಿಸುವುದಕ್ಕೋ ತಿಳಿಯುವುದಿಲ್ಲ. ಪರೀಕ್ಷೆ ಮಾಡುವ ಮಂಚ ಎದೆಯೆತ್ತರ. ಪೋಲಿಯೋ ಆದ ಹೆಂಗಸು ಹೆರಿಗೆ ಮೇಜು ಹತ್ತುವುದು ಹೇಗೆ ಎಂದು ಅದನ್ನು ಮಾಡಿದವನು ಯೋಚಿಸಿಲ್ಲ. ಗಾಲಿಕುರ್ಚಿಯಲ್ಲಿ ಕೂತವನ ತೂಕ ನೋಡುವ ಯಂತ್ರ ಇಲ್ಲದೆ 'ಎಷ್ಟಿದ್ದೀರಿ, ಅರವತ್ತು?' ಎಂದು ಅಂದಾಜಿನಲ್ಲಿ ಬರೆದುಕೊಳ್ಳುವುದು ಸಾಮಾನ್ಯ. ಶೌಚಾಲಯದ ಸುದ್ದಿ ಎತ್ತುವುದೇ ಬೇಡ. ಬಾಗಿಲು ಕಿರಿದು, ಒಳಗೆ ಕುಕ್ಕರಗಾಲು. ಬೆಳಗಿನಿಂದ ನೀರು ಕುಡಿಯದೆ ಆಸ್ಪತ್ರೆಗೆ ಬರುವ ಅಂಗವಿಕಲ ಹೆಂಗಸರು ಇದ್ದಾರೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನಲ್ಲಿ ಕೊರತೆ ಇದೆಯೇ? ಖಂಡಿತ ಇಲ್ಲ. 2016ರ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 25ನೇ ಸೆಕ್ಷನ್ ಓದಿ ನೋಡಿ. ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಂಗವಿಕಲರು ಅಡ್ಡಿಯಿಲ್ಲದೆ ಹೋಗುವಂತಿರಬೇಕು. ನೋಡುವುದರಲ್ಲಿ, ಚಿಕಿತ್ಸೆ ಕೊಡುವುದರಲ್ಲಿ ಅವರಿಗೆ ಮೊದಲ ಆದ್ಯತೆ. ಅಂದರೆ ಸಾಲಿನಲ್ಲಿ ನಿಲ್ಲಿಸಬಾರದು ಎಂದೇ ಅರ್ಥ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷ ಗಡುವು ಕೊಟ್ಟಿದ್ದರು. 2017ರ ಜೂನ್‌ನಲ್ಲಿ ನಿಯಮ ಬಂತು, 2022ರ ಜೂನ್‌ಗೆ ಗಡುವು ಮುಗಿಯಿತು. ಮುಗಿದದ್ದು ಗಡುವು, ಕೆಲಸವಲ್ಲ. ಕಣ್ಣು ಕಾಣದ ರಾಜೀವ್ ರತೂರಿ ಎಂಬವರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ತೀರ್ಪು ಬಂತು. ಅನುಕೂಲ ಕಲ್ಪಿಸುವ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಆಗದು, ಕಡ್ಡಾಯ ಮಾಡಿ, ಮೂರು ತಿಂಗಳಲ್ಲಿ ಮಾಡಿ ಎಂದು ನ್ಯಾಯಾಲಯ ಸರ್ಕಾರಕ್ಕೆ ಹೇಳಿತು. ಹತ್ತೊಂಬತ್ತು ವರ್ಷ! ಅರ್ಜಿ ಹಾಕಿದ ವರ್ಷ ಹುಟ್ಟಿದ ಮಗು ವೋಟು ಹಾಕಿ ಬಂದಿತ್ತು.

ನಮಗೆ ಎಲ್ಲಕ್ಕಿಂತ ತಮಾಷೆಯಾಗಿ ಕಾಣುವುದು ಇನ್ನೊಂದಿದೆ. ಒಬ್ಬ ಮನುಷ್ಯ ಕಿವುಡ ಎಂದು ಸರ್ಟಿಫಿಕೇಟ್ ಕೊಡುವುದು ಯಾರು? ಆಸ್ಪತ್ರೆ. ಪರೀಕ್ಷೆ ಮಾಡಿ, ಶೇಕಡಾ ಇಷ್ಟು ಎಂದು ಬರೆದು, ಮೊಹರು ಒತ್ತಿ, ಕಂಪ್ಯೂಟರಿಗೆ ಹಾಕಿ, ಯುಡಿಐಡಿ ಕಾರ್ಡು ಬರುವಂತೆ ಮಾಡುವುದು ಅವರೇ. 2024ರ ನಿಯಮದಲ್ಲಿ ಆ ಕಾರ್ಡಿಗೆ ಬಿಳಿ, ಹಳದಿ, ನೀಲಿ ಎಂದು ಬಣ್ಣವನ್ನೂ ಗೊತ್ತುಮಾಡಿದ್ದಾರೆ. ಇಷ್ಟೆಲ್ಲ ಆದ ಮೇಲೆ ಅದೇ ಮನುಷ್ಯ ಮರುವಾರ ಜ್ವರ ಎಂದು ಆಸ್ಪತ್ರೆಗೆ ಹೋದರೆ ಅವನ ಚೀಟಿಯ ಮೇಲೆ ಹೆಸರು, ವಯಸ್ಸು, ಊರು ಇರುತ್ತದೆ. ಕಿವಿ ಕೇಳುವುದಿಲ್ಲ ಎಂಬ ಒಂದು ಗೆರೆ ಇರುವುದಿಲ್ಲ. ಮೇಲಿನ ಮಹಡಿಯಲ್ಲಿ ಕಿವುಡ ಎಂದು ಬರೆದುಕೊಟ್ಟವರ ಕೆಳಗಿನ ಮಹಡಿಯಲ್ಲಿ ಅವನ ಹೆಸರು ಕೂಗುತ್ತಾರೆ.

ಇಂಗ್ಲೆಂಡಿನವರು ಈ ಒಂದು ಗೆರೆಯ ಕೆಲಸವನ್ನು 2016ರಲ್ಲಿ ಕಡ್ಡಾಯ ಮಾಡಿದರು. ಅಲ್ಲಿನ ಸರ್ಕಾರಿ ವೈದ್ಯಸೇವೆಯ ಆಸ್ಪತ್ರೆಗಳು ರೋಗಿಗೆ ಯಾವ ರೀತಿ ಹೇಳಿದರೆ ತಿಳಿಯುತ್ತದೆ ಎಂದು ಮೊದಲೇ ಕೇಳಬೇಕು, ಕಡತದ ಮೇಲೆ ಎದ್ದು ಕಾಣುವಂತೆ ಬರೆಯಬೇಕು, ಬೇರೆ ವಿಭಾಗಕ್ಕೆ ಕಳಿಸಿದಾಗ ಅದೂ ಜೊತೆಗೆ ಹೋಗಬೇಕು, ಅದರ ಪ್ರಕಾರ ನಡೆಯಬೇಕು. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳಹೊರಟಿಲ್ಲ. ಆದರೆ ನಮ್ಮಲ್ಲಿ ಇದಕ್ಕೆ ಬೇಕಾದ್ದು ಏನು? ಚೀಟಿ ಬರೆಯುವ ಕೌಂಟರಿನಲ್ಲಿ ಒಂದು ರಬ್ಬರ್ ಸ್ಟಾಂಪು. ಕಿವಿಯ ಗುರುತು, ಕಣ್ಣಿನ ಗುರುತು, ಗಾಲಿಕುರ್ಚಿಯ ಗುರುತು. ಗಾಂಧಿಬಜಾರಿನಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಟೆಂಡರು ಕರೆಯುವಷ್ಟು ದೊಡ್ಡ ಕೆಲಸವಲ್ಲ. ಬಹುಶಃ ಅದಕ್ಕೇ ಆಗುತ್ತಿಲ್ಲವೋ ಏನೋ.

ನಂಬರು ಬೆಳಗುವ ಬೋರ್ಡು ಬ್ಯಾಂಕುಗಳಲ್ಲಿ ಯಾವತ್ತೋ ಬಂದಿದೆ. ದುಡ್ಡು ಕಟ್ಟುವವನಿಗೆ ನಂಬರು ಕಾಣುತ್ತದೆ, ಜೀವ ಹಿಡಿದು ಬಂದವನಿಗೆ ಕೂಗು. ಬೋರ್ಡಿನ ಜೊತೆ ನಂಬರನ್ನು ಬಾಯಲ್ಲೂ ಹೇಳಲಿ, ಕಣ್ಣು ಕಾಣದವರಿಗೂ ಆಗುತ್ತದೆ.

ಸಂಜ್ಞೆ ಬಲ್ಲವರು ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ತರಬೇತಿ ಪಡೆದ ದುಭಾಷಿಗಳು ದೇಶದಲ್ಲೇ ಕಡಿಮೆ. ಆದರೆ ನಾವೇನು ಮರುಭೂಮಿಯಲ್ಲಿ ಕೂತಿಲ್ಲ. ಮೈಸೂರಿನಲ್ಲಿ ಕಿವುಡ, ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. ಅದೇ ಊರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಇಡೀ ದೇಶವೇ ಅಲ್ಲಿಗೆ ಬರುತ್ತದೆ. ಇಲ್ಲೇ ಭದ್ರಾವತಿ ನ್ಯೂಟೌನಿನಲ್ಲಿ ಕಿವುಡ ಮಕ್ಕಳಿಗಾಗಿ ತರಂಗ ಶಾಲೆ ಇದೆ, ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರ ಇದೆ. ಮಕ್ಕಳ ಜೊತೆ ದಿನಾ ಕೈಯಲ್ಲಿ ಮಾತಾಡುವ ಮೇಷ್ಟ್ರುಗಳು ಊರಲ್ಲೇ ಇರುವಾಗ, ಆಸ್ಪತ್ರೆಯ ನಾಲ್ಕು ಜನ ನರ್ಸುಗಳನ್ನು ವಾರಕ್ಕೆರಡು ಸಂಜೆ ಅವರ ಹತ್ತಿರ ಕೂರಿಸುವುದು ಏನು ಮಹಾ? ನೋವು ಎಲ್ಲಿ, ಎಷ್ಟು ದಿನದಿಂದ, ಔಷಧಿ ಒಗ್ಗುವುದಿಲ್ಲವೇ, ಬಸುರಿಯೇ, ಇಷ್ಟು ಕೇಳಲು ಬಂದರೆ ಅರ್ಧ ಜೀವ ಉಳಿದ ಹಾಗೆ. ಆಪರೇಷನ್ನು, ಹೆರಿಗೆ, ಒಪ್ಪಿಗೆಯ ಕಾಗದ, ಇಂಥ ಗಂಭೀರ ವಿಷಯಕ್ಕೆ ಮಾತ್ರ ಪೂರ್ತಿ ಕಲಿತ ದುಭಾಷಿಯೇ ಬೇಕು. ಅವರು ಮೈಸೂರಿನಲ್ಲಿರಲಿ ಬೆಂಗಳೂರಿನಲ್ಲಿರಲಿ, ವಿಡಿಯೋ ಕಾಲ್ ಮಾಡಿ ಮಂಚದ ಪಕ್ಕಕ್ಕೆ ತರಬಹುದು. ಕಾಲೇಜು ಹುಡುಗರು ರೀಲ್ಸ್ ನೋಡಲು ಬಳಸುವ ಫೋನಿನಲ್ಲೇ ಆಗುವ ಕೆಲಸ.

ಮೆಗ್ಗಾನ್ ಈಗ ಬರೀ ಜಿಲ್ಲಾಸ್ಪತ್ರೆಯಲ್ಲ, ಸಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಸುತ್ತಲ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಅಲ್ಲಿ ಕಲಿತ ಹುಡುಗ ಹುಡುಗಿಯರು ನಾಳೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಡಾಕ್ಟರಾಗಿ ಕೂರುತ್ತಾರೆ. ಕಿವುಡ ರೋಗಿಯ ಮುಖ ನೋಡಿ, ಅವನ ಜೊತೆಗಾರನ ಮುಖವಲ್ಲ, ಅವನ ಮುಖ ನೋಡಿ ಮಾತಾಡುವುದನ್ನು ಅಲ್ಲಿ ಕಲಿತರೆ ಅದು ಜಿಲ್ಲೆಗೆಲ್ಲ ಹರಡುತ್ತದೆ.

ಸಿಬ್ಬಂದಿಯ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಒಬ್ಬ ನರ್ಸಮ್ಮ ಎಷ್ಟು ಮಂಚ ನೋಡಿಯಾಳು? ಬೆಳಿಗ್ಗೆ ಒಂಬತ್ತರಿಂದ ಜನಜಾತ್ರೆ, ಅದರ ಮಧ್ಯೆ 'ನಮ್ಮೋರು' ಎಂದು ಫೋನು ಮಾಡಿಸುವ ರಾಜಕಾರಣಿಗಳ ಚೇಲಾಗಳು ಬೇರೆ. ಅವರಿಗೆ ಸಾಲು ತಪ್ಪಿಸಿ ಒಳಗೆ ಬಿಡಲು ಪುರಸೊತ್ತು ಸಿಗುತ್ತದೆ, ಕಾನೂನೇ ಮೊದಲು ಬಿಡಿ ಎಂದವರಿಗೆ ಮಾತ್ರ ಸಿಗುವುದಿಲ್ಲ ಎಂದರೆ ಒಪ್ಪುವುದು ಕಷ್ಟ.

ಇನ್ನು ದುರ್ಗಿಗುಡಿಯ, ಸವಳಂಗ ರಸ್ತೆಯ, ಭದ್ರಾವತಿ ಬಿ.ಎಚ್. ರಸ್ತೆಯ ಖಾಸಗಿಯವರು. ಮೊದಲ ಮಹಡಿಯಲ್ಲಿ ಕ್ಲಿನಿಕ್ಕು, ಕೆಳಗೆ ಬಟ್ಟೆ ಅಂಗಡಿ, ನಡುವೆ ಕಡಿದಾದ ಮೆಟ್ಟಿಲು, ಇಂಥದು ಎಲ್ಲ ಪೇಟೆಗಳಲ್ಲೂ ಇದೆ. ಕಾಯ್ದೆ ಇವರಿಗೂ ಅನ್ವಯಿಸುತ್ತದೆ. ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರದವರೆಗೆ, ಆಮೇಲೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ಇದೆ. ದಂಡದ ಮಾತು ಬಿಡಿ, ವಾರಕ್ಕೆ ಒಂದು ದಿನ ಕೆಳಗಿನ ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನೋಡಿದರೆ ಡಾಕ್ಟರರ ಘನತೆ ಕಡಿಮೆಯಾಗುತ್ತದೆಯೇ? ಮೇಲೆ ಹತ್ತಲಾಗದ ಅಜ್ಜಿಯನ್ನು ನೋಡಲು ತಾವೇ ಕೆಳಗಿಳಿದು ಬಂದು ಆಟೋದಲ್ಲೇ ಪರೀಕ್ಷೆ ಮಾಡುವ ಹಳೇ ಕಾಲದ ಡಾಕ್ಟರುಗಳನ್ನು ಈ ಊರುಗಳು ಕಂಡಿವೆ.

ಮೆಡಿಕಲ್ ಶಾಪ್ ಮಿತ್ರರಿಗೂ ಒಂದು ಮಾತು. ಕಣ್ಣು ಕಾಣದವರಿಗೆ ಎಲ್ಲ ಮಾತ್ರೆ ಪಟ್ಟಿಯೂ ಒಂದೇ ಥರ ಗರಗರ. ಬೆಳಗಿನ ಪಟ್ಟಿಗೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು ಹಾಕಿಕೊಡಿ, ಕೈಯಲ್ಲಿ ಮುಟ್ಟಿಸಿ ಹೇಳಿ. ಕಿವುಡರಿಗೆ ಕವರಿನ ಮೇಲೆ ಸೂರ್ಯ, ಚಂದ್ರ, ಅನ್ನದ ತಟ್ಟೆ ಬರೆದುಕೊಡಿ. ಕವರು ನಿಮ್ಮದೇ, ಪೆನ್ನೂ ನಿಮ್ಮದೇ. ಕಂಡಕ್ಟರುಗಳು ಆಸ್ಪತ್ರೆ ಸ್ಟಾಪು ಎಂದು ಕೂಗಿ ಸುಮ್ಮನಾಗದೆ ಒಮ್ಮೆ ಭುಜ ಮುಟ್ಟಿದರೆ ಸಾಕು.

ಜಿಲ್ಲಾಡಳಿತಕ್ಕೆ, ಸಿಮ್ಸ್‌ನವರಿಗೆ, ಭದ್ರಾವತಿಯ ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಯಾವ ವಿಭಾಗಕ್ಕೆ ಗಾಲಿಕುರ್ಚಿ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ, ಯಾವ ಶೌಚಾಲಯ ತೆರೆದಿದೆ, ಯಾವ ಕೌಂಟರಿನಲ್ಲಿ ಮೊದಲು ನೋಡುತ್ತಾರೆ ಎಂದು ಒಂದು ಹಾಳೆ ಬರೆದು ಬಾಗಿಲಿಗೆ ಅಂಟಿಸಲಿ. ಚೀಟಿಯ ಮೇಲಿನ ಮುದ್ರೆಯನ್ನು ಈ ತಿಂಗಳೇ ಶುರುಮಾಡಲಿ. ಮುಂದಿನ ಸಭೆಗೆ ಅಂಗವಿಕಲರನ್ನೇ ಕರೆದು ಆಸ್ಪತ್ರೆಯೆಲ್ಲ ಸುತ್ತಾಡಿಸಿ ಕೇಳಲಿ. ಹಾರ ಬೇಡ, ಶಾಲು ಬೇಡ. ಕಿವುಡರನ್ನು ಸಭೆಗೆ ಕರೆಯುವುದಾದರೆ ಮಾತ್ರ ದಯವಿಟ್ಟು ಫೋನ್ ಮಾಡಬೇಡಿ, ಮೆಸೇಜು ಹಾಕಿ.